ಬುಟ್ಟಿ ಟೋಪಿಯೊಳಗಿನ ಆರ್ಸೆನಿಕ್

ಕೋವಿಡ್ ಕಾಲದ ಮುಖಗವಸುಗಳನ್ನು ಎಲ್ಲರೂ ಡ್ರಾಯರಿನ ಮೂಲೆಗೆ ತಳ್ಳಿದ ವರ್ಷ ಅದು. ನಾನಾಗ ಬರ್ಕ್ಲಿಯ ಒಂದು ವಸ್ತುಸಂಗ್ರಹಾಲಯದಲ್ಲಿ ಕನ್ಸರ್ವೇಶನ್ ಕೆಮಿಸ್ಟ್ ಆಗಿದ್ದೆ. ಹಳೆಯ ವಸ್ತುಗಳು ಯಾವುದರಿಂದ ಆಗಿವೆ, ಅವುಗಳಿಗೆ ಏನು ಬಳಿದಿದ್ದಾರೆ, ಮುಟ್ಟಿದವರಿಗೆ ಏನಾದೀತು ಎಂದು ಪರೀಕ್ಷಿಸಿ ಹೇಳುವುದು ನನ್ನ ಕೆಲಸ. ನಾವು ಮನೆ ಮಾಡಿದ್ದ ಬೆರ್ರಿಯೆಸಾದಲ್ಲಿ ನಮ್ಮ ಕನ್ನಡದವರು ಸೇರಿದಾಗ ಯಾವ ಕಂಪನಿ ಎಂದು ಕೇಳುವುದು ವಾಡಿಕೆ. ನಾನು ಮ್ಯೂಸಿಯಂ ಎಂದರೆ, "ಓ, ಟಿಕೆಟ್ ಕೌಂಟರಾ?" ಎನ್ನುತ್ತಿದ್ದರು. ಹೌದು ಎಂದು ಹೇಳಿ ಊಟದ ಸಾಲಿಗೆ ಹೋಗುತ್ತಿದ್ದೆ. ವಿವರಿಸುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ಆ ಮ್ಯೂಸಿಯಂನ ಕಪಾಟುಗಳು ಅಮೆರಿಕದ ವಿಜ್ಞಾನದ ಒಂದು ಹಳೆಯ ಆತುರದಿಂದ ತುಂಬಿದ್ದವು. ನೂರು ವರ್ಷಕ್ಕೂ ಹಿಂದೆ, ಇಲ್ಲಿಯ ಮೂಲನಿವಾಸಿಗಳು ಇನ್ನೇನು ಅಳಿದೇ ಹೋಗುತ್ತಾರೆ ಎಂದು ಪ್ರೊಫೆಸರುಗಳು ನಂಬಿದ್ದರು. ಅಳಿಯುವ ಮುನ್ನ ಎಲ್ಲವನ್ನೂ ಕೂಡಿಡಬೇಕೆಂದು ಊರೂರು ಸುತ್ತಿ ಬುಟ್ಟಿ, ಡೋಲು, ಉಡುಪು, ಕೊನೆಗೆ ಸಮಾಧಿಯ ಮೂಳೆಗಳನ್ನೂ ತಂದರು. ಜನ ಅಳಿಯಲಿಲ್ಲ. ಅವರು ತಮ್ಮ ನದಿಯ ದಡದಲ್ಲೇ ಉಳಿದರು, ಅವರ ವಸ್ತುಗಳು ಮಾತ್ರ ಬರ್ಕ್ಲಿಯಲ್ಲಿ ಉಳಿದವು. ತಂದದ್ದನ್ನು ನುಸಿ ತಿನ್ನಬಾರದೆಂದು ಆರ್ಸೆನಿಕ್ ಪುಡಿ ಉದುರಿಸಿದರು. ಆ ಕಾಲಕ್ಕೆ ಅದೇ ಉತ್ತಮ ವಿಜ್ಞಾನ. ಇಂಥ ವಸ್ತುಗಳನ್ನು ಹಿಂದಿರುಗಿಸಬೇಕೆಂದು ಫೆಡರಲ್ ಕಾನೂನು ಬಂದು ಆಗಲೇ ಮೂವತ್ತು ವರ್ಷ ದಾಟಿತ್ತು. ಹಾಗಾಗಿ ನನ್ನ ಕಾಲದಲ್ಲಿ ಅವು ಒಂದೊಂದಾಗಿ ಮನೆಗೆ ಹೊರಟಿದ್ದವು, ವಿಷದ ಸಮೇತ.

ಆ ವಸಂತದಲ್ಲಿ ಡೋರತಿ ಬಂದರು. ಎಂಬತ್ತರ ಆಸುಪಾಸಿನ ಅಜ್ಜಿ, ಉತ್ತರದ ಒಂದು ನದಿ ತೀರದ ಸಮುದಾಯದವರು. ಜೊತೆಗೆ ಮೊಮ್ಮಗಳು ಟೆಸ್ಸಾ. ಅವರ ಪದ್ಧತಿಯಲ್ಲಿ ಹುಡುಗಿ ದೊಡ್ಡವಳಾದಾಗ ಊರೆಲ್ಲ ಸೇರಿ ಕೆಲವು ದಿನ ಹಾಡಿ ಕುಣಿಯುತ್ತಾರೆ. ಆಗ ಹುಡುಗಿಯ ತಲೆಯ ಮೇಲೆ ಬೇರು, ಹುಲ್ಲುಗಳಿಂದ ನೇಯ್ದ ಬುಟ್ಟಿಯಂಥ ಟೋಪಿ ಇರಬೇಕು. ಡೋರತಿಯ ಅಜ್ಜಿ ನೇಯ್ದ ಟೋಪಿ ನಮ್ಮಲ್ಲಿತ್ತು. ಬೇಸಿಗೆಯಲ್ಲಿ ಟೆಸ್ಸಾಳ ಕುಣಿತ. ಅದನ್ನೇ ಅವಳ ತಲೆಗಿಡಬೇಕೆಂಬುದು ಅಜ್ಜಿಯ ಆಸೆ. ಡೋರತಿಯನ್ನು ಆ ವಯಸ್ಸಿನಲ್ಲಿ ಸರ್ಕಾರದವರು ದೂರದ ಬೋರ್ಡಿಂಗ್ ಶಾಲೆಗೆ ಹಾಕಿದ್ದರು. ಅವರಿಗೆ ಕುಣಿತವೇ ಆಗಿರಲಿಲ್ಲ.

ನಾನು ಪೆಟ್ಟಿಗೆ ತೆರೆದಾಗ ಟೋಪಿ ಬಾಯಿ ಮೇಲಾಗಿ ಕುಳಿತಿತ್ತು. ದಾಖಲೆಯಲ್ಲಿ ಅದರ ಹೆಸರು 'ಚಿಕ್ಕ ಬಟ್ಟಲು'. ತಂದ ಪ್ರೊಫೆಸರು ಬುಟ್ಟಿಯನ್ನು ಎಲ್ಲ ಕಡೆಯಿಂದ ಅಳೆದಿದ್ದರು, ಇದು ಏತಕ್ಕೆ ಎಂದು ಮಾತ್ರ ಆ ಮನೆಯವರನ್ನು ಕೇಳಿರಲಿಲ್ಲ. ಡೋರತಿ ನಕ್ಕುಬಿಟ್ಟರು.

"ಇಷ್ಟು ವರ್ಷ ನಮ್ಮಜ್ಜಿ ಟೋಪೀಲಿ ಸೂಪ್ ಕುಡೀತಿದ್ರಾ ನೀವು?"

ಅವರು ಆಡಿದ್ದು ಇಂಗ್ಲಿಷು, ನನಗೆ ಕೇಳಿಸಿದ್ದು ಹಾಸನದ ನಮ್ಮ ಸೋದರತ್ತೆಯ ದನಿ. ನಾನೂ ನಕ್ಕೆ. ಟೆಸ್ಸಾ ನಗಲಿಲ್ಲ. ಟೋಪಿಯ ಅಂಚಿನ ವಿನ್ಯಾಸವನ್ನು ನೋಡುತ್ತಾ ನಿಂತಳು.

ಪರೀಕ್ಷೆಗೆ ನಾವು ಬಳಸುವುದು ಎಕ್ಸ್‌ಆರ್‌ಎಫ್ ಯಂತ್ರ. ನೋಡಲು ಹೇರ್ ಡ್ರೈಯರಿನ ಹಾಗಿರುತ್ತದೆ. ಅದು ಬಿಡುವ ಎಕ್ಸ್-ರೇಗೆ ವಸ್ತುವಿನಲ್ಲಿರುವ ಒಂದೊಂದು ಧಾತುವೂ ತನ್ನದೇ ಗುರುತಿನ ಕಿರಣವನ್ನು ಮರಳಿ ಕಳಿಸುತ್ತದೆ, ವಸ್ತುವಿಗೆ ಏನೂ ಆಗುವುದಿಲ್ಲ. ಹೊರಮೈಯಲ್ಲಿ ಆರ್ಸೆನಿಕ್ ಇಲ್ಲವೆನ್ನುವಷ್ಟು ಕಡಿಮೆ ಬಂತು. ಖುಷಿಯಾಯಿತು. ಯಂತ್ರದ ಮೂತಿಯನ್ನು ಟೋಪಿಯ ಒಳಗೆ ಇಟ್ಟ ಕೂಡಲೇ ಪರದೆಯ ಗೆರೆ ಮೇಲಕ್ಕೆ ಚಿಮ್ಮಿತು. ಯಂತ್ರದ ಮೇಲೇ ಅನುಮಾನಪಟ್ಟು ಬ್ಯಾಟರಿ ಬದಲಿಸಿದೆ, ಜಾಗ ಬದಲಿಸಿದೆ. ಗೆರೆ ಇಳಿಯಲಿಲ್ಲ. ಬಟ್ಟಲೆಂದು ಬಾಯಿ ಮೇಲಾಗಿ ಇಟ್ಟಿದ್ದರಲ್ಲ, ಉದುರಿಸಿದ ಪುಡಿಯೆಲ್ಲ ಒಳಗೇ ಕೂತಿತ್ತು. ಟೋಪಿ ಎಂದು ಗೊತ್ತಿದ್ದು ಮಗುಚಿಟ್ಟಿದ್ದರೆ ಹೊರಗೆ ಬೀಳುತ್ತಿತ್ತು. ಎಂದೋ ಸತ್ತು ಹೋದ ಆ ಪ್ರೊಫೆಸರರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ವಾರಗಟ್ಟಲೆ ಸಣ್ಣ ವ್ಯಾಕ್ಯೂಮ್ ಹಿಡಿದು ಎಳೆ ಎಳೆಯ ಸಂದಿಯಿಂದ ಪುಡಿ ತೆಗೆದೆ. ಸ್ವಲ್ಪ ಕಡಿಮೆಯಾಯಿತು, ಸಾಕಾಗುವಷ್ಟಲ್ಲ. ವಿಷ ನಾರಿನೊಳಕ್ಕೇ ಇಳಿದಿತ್ತು. ನೀರಿನಲ್ಲಿ ನೆನೆಸಿದರೆ ಟೋಪಿಯೇ ಹಾಳು. ಒಳಗೊಂದು ತೆಳು ಪ್ಲಾಸ್ಟಿಕ್ ಹಾಕಬಹುದೇ ಎಂದು ಡೋರತಿಗೆ ಫೋನಿನಲ್ಲಿ ಕೇಳಿದೆ.

"ಕೂದಲಿಗೂ ಟೋಪಿಗೂ ನಡುವೆ ಏನೂ ಇರಬಾರದು" ಎಂದರು. "ಟೋಪಿಗೆ ಹುಡುಗಿಯ ಗುರುತು ಸಿಗಬೇಕಲ್ಲ?"

ಬೇಸಿಗೆ ಹತ್ತಿರವಾಗುತ್ತಿತ್ತು. ನಾನು ಕೂತಲ್ಲಿ ಕೂರದಾದೆ. ರೈಲಿನಲ್ಲಿ ಬರ್ಕ್ಲಿ ದಾಟಿ ಮುಂದಿನ ನಿಲ್ದಾಣಕ್ಕೆ ಹೋಗಿ ಹಿಂತಿರುಗುವುದು ಮಾಮೂಲಾಯಿತು. ಮನೆಯಲ್ಲಿ ಗಂಡ ರಮೇಶ್, "ಹಾಲ್‌ನ ಎಷ್ಟು ಸಲ ಅಳೀತೀಯಾ? ಕಾರ್ಪೆಟ್ಟು ಸವೀತಿದೆ. ರಿಪೋರ್ಟು ಕೊಟ್ಟು ಕೈ ತೊಳ್ಕೊ, ಪುಡಿ ಹಾಕಿದ್ದು ನೀನಲ್ವಲ್ಲ" ಎಂದ. ನಮ್ಮ ನಿರ್ದೇಶಕ ವಾಲ್ಟರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಎಚ್ಚರಿಕೆಯ ಹಾಳೆಯೊಂದನ್ನು ಜೊತೆಗಿಟ್ಟು ಕೊಟ್ಟುಬಿಡೋಣ, ಹಾಕಿಕೊಳ್ಳುವುದು ಬಿಡುವುದು ಅವರ ನಿರ್ಧಾರ ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ಅಂಕಿ, ಕಾನೂನಿನ ಪದಗಳೇ ತುಂಬಿದ ಆ ಹಾಳೆಯನ್ನು ಓದಿದರೆ ನನಗೇ ಅರ್ಥವಾಗುತ್ತಿರಲಿಲ್ಲ.

ಕೊನೆಗೆ ಓಕ್‌ಲ್ಯಾಂಡಿನ ಆಸ್ಪತ್ರೆಯಲ್ಲಿದ್ದ ಡಾ. ಶಾಂತಾ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಧಾರವಾಡದವರು. ಕೆಲಸದ ಜಾಗದಲ್ಲಿ ವಿಷ ತಗುಲಿದವರಿಗೆ ಚಿಕಿತ್ಸೆ ಕೊಡುವುದೇ ಅವರ ವಿಶೇಷ ಪರಿಣತಿ.

"ಏನವಾ, ಉಸಿರರ ಬಿಡು. ಮೊದಲ ಕೂಡು" ಎಂದರು. "ಆ ಹುಡುಗಿ ಎಷ್ಟು ಹೊತ್ತು ಹಾಕ್ಕೋತಾಳ ಅದನ್ನ?"

"ಕೆಲವು ದಿನ ಕುಣೀತಾರಂತೆ ಡಾಕ್ಟ್ರೇ. ಅದೂ ಬೇಸಿಗೇಲಿ."

"ಹಂಗಾರ ಬ್ಯಾಡವಾ. ಬೆವರಿನ್ಯಾಗ ಕರಗಿ ಮಾರಿಗೆ ಬರತದ, ಬಾಯಾಗ ಹೋಗತದ. ಬೆಳಿಯೋ ಹುಡುಗಿ ಬ್ಯಾರೆ. ಒಣ ತಲಿ ಮ್ಯಾಲ ಒಂದೆರಡು ನಿಮಿಷ ಇಟ್ಟು, ತಗದ ಕೂಡ್ಲೆ ತೊಳಕೊಂಡ್ರ ಆ ಮಾತು ಬ್ಯಾರೆ."

"ಇದನ್ನ ಅವರಿಗೆ ಹೇಗೆ ಹೇಳಲಿ?"

"ಅದನ್ನ ನನ್ನ ಕೇಳಬ್ಯಾಡ. ದಿನಾ ಹೇಳತೀನಿ, ಇನ್ನೂ ಬರೂದಿಲ್ಲ ನನಗ."

ಹಾಳೆ ಕಳಿಸುವುದಿಲ್ಲ, ಕರೆಸಿ ಎದುರಿಗೇ ಹೇಳುತ್ತೇನೆ ಎಂದು ವಾಲ್ಟರ್‌ಗೆ ತಿಳಿಸಿದೆ. ಡೋರತಿ ಮತ್ತು ಟೆಸ್ಸಾ ಬಂದರು. ಈ ಸಲ ಟೋಪಿಯನ್ನು ಸರಿಯಾಗಿ, ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಅಂಕಿಗಳನ್ನೆಲ್ಲ ಪಕ್ಕಕ್ಕಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪುಡಿ ಯಾರು ಹಾಕಿದರು, ಒಳಗೇ ಏಕೆ ಉಳಿಯಿತು, ಬೆವರಿದರೆ ಏನಾಗುತ್ತದೆ, ಡಾಕ್ಟರು ಏನೆಂದರು, ಎಲ್ಲವನ್ನೂ ಹೇಳಿದೆ. ಟೆಸ್ಸಾ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಡೋರತಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಸರಿ. ಟೆಸ್ಸಾ ಹಾಕ್ಕೊಳ್ಳಲ್ಲ" ಎಂದರು. ಟೋಪಿಯತ್ತ ಬಾಗಿ ಕೇಳಿದರು, "ಒಂದೆರಡು ನಿಮಿಷ ಅಂದ್ಯಲ್ಲ? ನನ್ನ ತಲೆ ಒಣಗೇ ಇದೆ."

ಬಾಗಿಲ ಬಳಿ ನಿಂತಿದ್ದ ವಾಲ್ಟರ್ ಬಾಯಿ ತೆರೆದರು. ಇದರ ಜವಾಬ್ದಾರಿ ನನ್ನದು ಎಂದೆ. ಅವರು ನನ್ನ ಮುಖ ನೋಡಿ, ಒಳಗೆ ಬಂದು ಬಾಗಿಲು ಹಾಕಿಕೊಂಡರು. ಡೋರತಿ ಜಡೆ ಬಿಚ್ಚಿದರು. ಟೋಪಿ ತೆಗೆದುಕೊಂಡು ತಮ್ಮ ಭಾಷೆಯಲ್ಲಿ ಅದಕ್ಕೆ ಏನೋ ಹೇಳಿ ತಲೆಗಿಟ್ಟುಕೊಂಡರು. ಅಳತೆ ಕೊಟ್ಟು ನೇಯಿಸಿದ ಹಾಗೆ ಕೂತಿತು. ಕುರ್ಚಿಯಿಂದ ಎದ್ದು, ಮೇಜು ಹಿಡಿದುಕೊಂಡು, ನಿಂತಲ್ಲೇ ಕಾಲು ಬದಲಿಸುತ್ತಾ ಸಣ್ಣಗೆ ಹಾಡತೊಡಗಿದರು. ಟೆಸ್ಸಾ ಕಣ್ಣೊರೆಸಿಕೊಂಡು ಬಂದು ಅಜ್ಜಿಯ ಪಕ್ಕದಲ್ಲಿ ನಿಂತು ಅದೇ ಹೆಜ್ಜೆ ಹಾಕಿದಳು. ಗಡಿಯಾರ ನೋಡಬೇಕಾದವಳು ನಾನು. ಸಾಕು ಎಂಬ ಮಾತು ನನ್ನ ಬಾಯಿಂದ ಅಷ್ಟು ಕಷ್ಟಪಟ್ಟು ಇನ್ನೆಂದೂ ಹೊರಟಿಲ್ಲ.

ಕೂಡಲೇ ಅವರನ್ನು ಲ್ಯಾಬಿನ ಸಿಂಕಿನ ಮುಂದೆ ಬಗ್ಗಿಸಿ, ಗ್ಲೋವ್ಸ್ ಹಾಕಿದ ಕೈಯಲ್ಲಿ ತಲೆಗೆ ನೀರೆರೆದೆ. ಅಭ್ಯಂಜನದ ದಿನ ಅಮ್ಮ ಮಾಡುತ್ತಿದ್ದಂತೆ, ಕಣ್ಣಿಗೆ ನೊರೆ ಹೋಗದ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿದಿದ್ದೆ. ಅಳು ಬರುತ್ತಿತ್ತು.

"ಗಟ್ಟಿಯಾಗಿ ತಿಕ್ಕಮ್ಮ, ನಾನೇನು ನಿಮ್ಮ ಮ್ಯೂಸಿಯಂ ಬುಟ್ಟಿಯಲ್ಲ" ಎಂದು ಡೋರತಿ ಗದರಿದರು.

ಪೇಪರ್ ಟವೆಲಿನಿಂದ ಅಜ್ಜಿಯ ಕೂದಲು ಒರೆಸುತ್ತಾ ಟೆಸ್ಸಾ ಕೇಳಿದಳು, "ಆ ವಿಷ ಹೋಗೋಕೆ ಎಷ್ಟು ವರ್ಷ ಬೇಕು?"

"ಹೋಗಲ್ಲ. ಆರ್ಸೆನಿಕ್ ಮೂಲಧಾತು. ಅದು ಕೊಳೆಯಲ್ಲ, ಸವೆಯಲ್ಲ."

"ಹಾಗಾದ್ರೆ ನಾನೇ ಒಂದು ನೇಯ್ತೀನಿ. ಅದನ್ನ ಮಾತ್ರ ನಿಮಗೆ ಕೊಡಲ್ಲ."

"ಕೊಡಬೇಡ" ಎಂದೆ.

ಟೋಪಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಊರಿಗೆ ಹೋಯಿತು. ಕುಣಿತಕ್ಕೆ ನನ್ನನ್ನೂ ಕರೆದಿದ್ದರು. ಟೆಸ್ಸಾ ಚಿಕ್ಕಮ್ಮನಿಂದ ಎರವಲು ತಂದ ಟೋಪಿ ಹಾಕಿಕೊಂಡಿದ್ದಳು. ಅದು ಸ್ವಲ್ಪ ದೊಡ್ಡದಾಗಿ ಆಗಾಗ ಹುಬ್ಬಿನವರೆಗೆ ಜಾರುತ್ತಿತ್ತು, ಅವಳು ಕುಣಿಯುತ್ತಲೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದಳು.

ನಿವೃತ್ತಳಾದ ಮೇಲೂ ಕಿರಿಯ ಸಹೋದ್ಯೋಗಿಗಳು ಸಲಹೆ ಕೇಳಲು ಬರುತ್ತಾರೆ. ಯಾವುದನ್ನೇ ಆಗಲಿ ಉಳಿಸಲು ಹೊರಡುವ ಮುನ್ನ ಅದರ ಮನೆಯವರನ್ನು ಮಾತಾಡಿಸಿ ಎನ್ನುತ್ತೇನೆ. ಈ ವೃತ್ತಿಯಲ್ಲಿ ನಾನು ಕಲಿತದ್ದು ಅಷ್ಟೇ. ಇದೇನು ಬಟ್ಟಲೋ ಟೋಪಿಯೋ ಎಂದು ಅಂದು ಒಬ್ಬರು ಬಾಯಿಬಿಟ್ಟು ಕೇಳಿದ್ದರೆ, ಆ ಬೇಸಿಗೆಯಲ್ಲಿ ಟೆಸ್ಸಾ ತನ್ನ ಅಜ್ಜಿಯ ಅಜ್ಜಿ ನೇಯ್ದ ಟೋಪಿಯಲ್ಲೇ ಕುಣಿಯುತ್ತಿದ್ದಳೋ ಏನೋ.