ಬಾಗಿಲಿನ ಅಂಟು

ನಮ್ಮ ಯಜಮಾನರಿಗೆ ವಾಸನೆ ತಿಳಿಯುತ್ತಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಹುರುಳಿ ಸಾರಿನಿಂದ. ಅವತ್ತು ತಳ ಹಿಡಿದು ಬೀದಿಗೆಲ್ಲ ಘಾಟು. ಪಕ್ಕದ ಮನೆ ಮುನಿಯಕ್ಕ ಬಂದು, "ಏನ್ ಕೆಂಪಕ್ಕ, ಗಂಡನ್ನ ಓಡ್ಸೋಕೆ ಹೊಗೆ ಹಾಕ್ತಿದೀಯಾ?" ಅಂದಳು. ಇವರು ಮಾತ್ರ ಮುದ್ದೆ ಮುರಿದು, ಅದೇ ಸಾರಲ್ಲಿ ಅದ್ದಿ ಸುಮ್ಮನೆ ಉಣ್ಣುತ್ತಿದ್ದರು. ಕೇಳಿದರೆ ನೆಗಡಿ ಅಂದರು. ಕೈ ತೊಳೆದ ಮೇಲೆ ಮೆಲ್ಲಗೆ, "ಯುಗಾದಿಯಿಂದಲೂ ಮೂಗು ಸತ್ತಿದೆ ಕಣೆ. ದೇವದಾಸಣ್ಣನಿಗೆ ತಿಳೀಬಾರ್ದು" ಅಂದರು.

ಇವರ ಹೆಸರು ಪಾಪಯ್ಯ. ನಾನು ಬಾಯಲ್ಲಿ ಹೇಳಿದವಳಲ್ಲ, ಈಗ ಬರೆಯೋದಕ್ಕೆ ಅಡ್ಡಿಯಿಲ್ಲ. ನಮ್ಮ ಮನೆ ಯಡಿಯೂರಲ್ಲಿ. ಇವರಿಗೆ ಜಯನಗರದಲ್ಲಿ ದೇವದಾಸಣ್ಣನ ಗ್ಯಾರೇಜಲ್ಲಿ ಟಿಂಕರಿಂಗ್, ಅಂದರೆ ಗಾಡಿ ತಗಡಿನ ಕೆಲಸ. ವೆಲ್ಡಿಂಗ್ ಮಾಡೋ ಗ್ಯಾಸ್ ಟಾರ್ಚು ಹಿಡಿದರೆ ಬೇರೆ ಲೋಕ ಬೇಡ. ಹಬ್ಬದ ದಿನವೂ ಬೆರಳು ಟಾರ್ಚು ಹಿಡಿದ ಹಾಗೇ ಮಡಚಿರುತ್ತಿತ್ತು.

ಎಂಬತ್ತನೇ ಇಸವಿ ಕಳೆದ ಮೇಲೆ ಆ ಕಡೆ ಒಂದೊಂದು ಫಾರಿನ್ ಕಾರು ಬರೋದು. ಅವುಗಳ ಬಾಗಿಲಲ್ಲಿ ಹೊರಗಿನ ತಗಡನ್ನು ಒಳಗಿನ ಚೌಕಟ್ಟಿಗೆ ಅಂಟು ಹಾಕಿ ಕೂರಿಸಿರುತ್ತಾರೆ. ಹತ್ತಿರ ವೆಲ್ಡಿಂಗ್ ಮಾಡಿದರೆ ಅಂಟು ಒಳಗೊಳಗೇ ಬೆಂದು, ತಗಡು ಬಿಟ್ಟುಕೊಂಡು ಹಪ್ಪಳದ ಹಾಗೆ ಏಳುತ್ತದೆ. ಕಣ್ಣಿಗೆ ಕಾಣೋದಿಲ್ಲ. ಬೇಯುವ ಮುಂಚೆ ಒಂದು ಹುಳಿ ವಾಸನೆ ಬರುತ್ತದೆ, ಅಷ್ಟೇ. ಬಂದ ಕೂಡಲೆ ಟಾರ್ಚು ಸರಿಸಿ ಒದ್ದೆ ಗೋಣಿ ಒತ್ತಬೇಕು. ಆ ವಾಸನೆ ಹಿಡಿಯೋದರಲ್ಲಿ ಇವರನ್ನು ಮೀರಿಸೋರು ಇರಲಿಲ್ಲ.

ಅಂಥ ಒಂದು ಕಾರು ಬಂತು. ಬಾಗಿಲಿನ ಕೀಲಿನ ಹತ್ತಿರ ತುಕ್ಕು ತಿಂದಿತ್ತು. ದೇವದಾಸಣ್ಣ, "ಇಂಥ ಬಾಗಿಲು ಇನ್ನೊಂದು ಎಲ್ಲೂ ಸಿಗಲ್ಲ ಪಾಪಣ್ಣ. ನಿನ್ನ ಮೂಗು ನಂಬ್ಕೊಂಡು ಒಪ್ಕೊಂಡಿದೀನಿ" ಅಂದನಂತೆ.

"ಇರೋ ವಿಷಯ ಹೇಳ್ಬಿಡಿ" ಅಂದೆ.

"ಹೇಳಿದ್ರೆ ಟಾರ್ಚು ಕಿತ್ಕೊಂಡು ಸುತ್ತಿಗೆ ಕೊಡ್ತಾನೆ. ಆಮೇಲೆ ನಾನ್ಯಾಕೆ ಅಲ್ಲಿ?"

ಜೇಬಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಹಳೇ ಬಾಗಿಲಿಂದ ಕೆರೆದ ಅಂಟಿನ ಚೂರು. ಅದನ್ನು ಸೀಮೆಎಣ್ಣೆ ಸ್ಟೌ ಮೇಲೆ ಕಾಯಿಸಿ, "ಮೂಸು. ಚೆನ್ನಾಗಿ ಜ್ಞಾಪಕ ಇಟ್ಕೋ. ನಾಳೆ ಊಟ ತಂದೋಳು ಅಲ್ಲೇ ಕೂತಿರು. ಈ ವಾಸನೆ ಬಂದ್ರೆ ಕ್ಯಾರಿಯರ್ ಮುಚ್ಚಳ ಬಡಿ" ಅಂದರು. ಕೆಟ್ಟ ಹುಣಸೆಹಣ್ಣಿಗೆ ರಬ್ಬರು ಸುಟ್ಟು ಬೆರೆಸಿದ ಹಾಗಿತ್ತು.

ಮಾರನೇ ದಿನ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಇವರು ಬಾಗಿಲನ್ನು ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿ, ಅಂಟಿನ ಅಂಚಿಗೆಲ್ಲ ಒದ್ದೆ ಜೇಡಿಮಣ್ಣು ಮೆತ್ತಿ, ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿ ಹಿಡಿದರು. ಸ್ವಲ್ಪ ಹೊತ್ತಿಗೆ ಆ ಹುಳಿ ವಾಸನೆ ಬಂತು. ಮುಚ್ಚಳ ಬಡಿದೆ. ಟಾರ್ಚು ಸರಿಯಿತು, ಗೋಣಿ ಬಿತ್ತು. ಆರಿದ ಮೇಲೆ ಮತ್ತೆ ಬೆಂಕಿ, ಮತ್ತೆ ಮುಚ್ಚಳ. ದೇವದಾಸಣ್ಣ ಆ ಕಡೆಯಿಂದ, "ಅಕ್ಕನಿಗೆ ಹಸಿವೋ ಏನೋ, ಕ್ಯಾರಿಯರ್ ಬಿಡ್ತಾನೇ ಇಲ್ಲ" ಅಂತ ನಕ್ಕ.

ಅವತ್ತು ಶುಕ್ರವಾರ ಅನ್ನೋದನ್ನು ನಾವಿಬ್ಬರೂ ಮರೆತಿದ್ದೆವು. ಶುಕ್ರವಾರ ಗ್ಯಾರೇಜಲ್ಲಿ ಸಾಮಾನಿಗೆಲ್ಲ ಧೂಪ ಹಾಕೋದು ರೂಢಿ. ದೇವದಾಸಣ್ಣ ಕೆಂಡದ ಮೇಲೆ ಸಾಂಬ್ರಾಣಿ ಸುರಿದುಕೊಂಡು, ಗ್ಯಾಸ್ ಸಿಲಿಂಡರಿಂದ ದೂರ ಇದ್ದುಕೊಂಡು, ಜ್ಯಾಕಿಗೆ, ಕಟಿಂಗ್ ಪ್ಲೇಯರಿಗೆ ತೋರಿಸಿಕೊಂಡು ನಮ್ಮ ಕಡೆಗೇ ಬಂದ. ನನ್ನ ಮೂಗಿನ ತುಂಬ ಸಾಂಬ್ರಾಣಿ. ಬೇರೆ ಏನೂ ಇಲ್ಲ. ಸೆರಗಿಂದ ಬೀಸಿದೆ, ತಿರುಗಿ ಮೂಸಿದೆ. ಇವರು ಬಗ್ಗಿಕೊಂಡು ಬೆಂಕಿ ಆಡಿಸುತ್ತಲೇ ಇದ್ದಾರೆ, ಮುಚ್ಚಳದ ಸದ್ದಿಲ್ಲ ಅಂದರೆ ಅಂಟು ಸರಿ ಇದೆ ಅಂತ.

ಸುಮ್ಮನೆ ಮುಚ್ಚಳ ಬಡಿಯೋಣ ಅಂದರೆ ಕ್ಯಾರಿಯರ್ ಆ ಗೋಡೆ ಹತ್ತಿರ ಉಳಿದಿತ್ತು, ಮೂಸೋಕೆ ಅಂತ ನಾನು ಬಾಗಿಲಿನ ಪಕ್ಕಕ್ಕೇ ಬಂದುಬಿಟ್ಟಿದ್ದೆ. ತಗಡಿನ ಅಡಿಗೆ ಅಂಗೈ ಇಟ್ಟೆ. ರೊಟ್ಟಿ ಹಾಕುವ ಹೆಂಚು ಹೇಗಿರುತ್ತೆ, ಹಾಗೆ. ಕೈ ನಿಲ್ಲಲಿಲ್ಲ.

"ಸಾಕು, ತೆಗೀರಿ. ಅಂಟು ಬೇಯ್ತಿದೆ" ಅಂದೆ, ಎಲ್ಲರಿಗೂ ಕೇಳೋ ಹಾಗೆ.

ಗೋಣಿ ಬಿದ್ದು ಚುರ್ರಂತು. ದೇವದಾಸಣ್ಣ ಧೂಪ ಹಿಡಿದುಕೊಂಡೇ, "ಇದೇನಕ್ಕ, ಪಾಪಣ್ಣನ ಮೂಗು ನಿಮ್ಮ ಹತ್ರ ಇದೆಯಾ?" ಅಂದ. ತಮಾಷೆಗೇ ಅಂದಿದ್ದು. ಇವರೂ ನಕ್ಕು ತೇಲಿಸಬಹುದಿತ್ತು. ಕನ್ನಡಕ ತೆಗೆದು, "ಹೌದು. ನನ್ನದು ಹೋಗಿದೆ" ಅಂದರು.

ದೇವದಾಸಣ್ಣ ಧೂಪಾರತಿಯನ್ನು ಆಚೆ ಇಟ್ಟು ಬಂದ. ಉಗುರಿಂದ ಬಾಗಿಲಿನ ಅಂಚನ್ನು ತಟ್ಟುತ್ತಾ ಹೋದ. ಗಟ್ಟಿ, ಗಟ್ಟಿ, ಮೂಲೆಯಲ್ಲಿ ಮಾತ್ರ ಟೊಳ್ಳು. ಅಲ್ಲಿಗೆ ಹೊಸ ಅಂಟು ಬಿಟ್ಟು ಕ್ಲಾಂಪು ಬಿಗಿದ.

"ಉಳಿದಿದ್ದು ಮುಗ್ಸು, ಅಕ್ಕ ಇರ್ಲಿ" ಅಂದ. ಆಮೇಲೆ ಇವರ ಮುಖ ನೋಡದೆ, "ಇದೇ ಕೊನೆ ಪಾಪಣ್ಣ. ಸೋಮವಾರದಿಂದ ಟಾರ್ಚು ನಿನ್ನ ಕೈಕೆಳಗಿನ ಹುಡುಗ ಸೀನುಗೆ ಕೊಡು."

ಕೊಟ್ಟರು. ಸುತ್ತಿಗೆ ಹಿಡಿದು, ಇರೋತನಕ ಅಲ್ಲೇ ಡೆಂಟು ತೆಗೆದರು.

ಆ ಶುಕ್ರವಾರ ಮನೆಗೆ ಬಂದು ತಟ್ಟೆ ಮುಂದೆ ಕೂತವರು ಅದನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. ಆಮೇಲೆ, "ಸಾರು ಎಂಥ ವಾಸನೆ ಬರ್ತಿದೆ, ಹೇಳು" ಅಂದರು.

"ಇಂಗಿನ ಘಮ ಮುಂದಿದೆ. ಬೆಳ್ಳುಳ್ಳಿ ಒಂಚೂರು ಕರ್ರಗಾಗಿದೆ."

"ಬೆಳ್ಳುಳ್ಳಿ ವಿಷಯ ಯಾಕೆ ಹೇಳ್ದೆ" ಅಂದು ಮುದ್ದೆ ಮುರಿದರು.