ದೀಪ ಹಚ್ಚಿದ ಮೇಲೆ ಕೇಳಿದ ಉಪ್ಪು

ಅಮ್ಮ ಕಪ್ಪಾಗುತ್ತಿದ್ದುದನ್ನು ನಾವೆಲ್ಲ ಬಿಸಿಲಿನ ತಲೆಗೆ ಕಟ್ಟಿದ್ದೆವು. ಕಾಪುವಿನಿಂದ ಬೆಳಗಿನ ಬಸ್ಸು ಹಿಡಿದು ಬನ್ನಂಜೆಯ ಮನೆಮನೆಗೆ ಬುಟ್ಟಿ ಹೊತ್ತು ಮೀನು ಮಾರುವವಳು ಬೆಳ್ಳಗಿರುವುದಾದರೂ ಹೇಗೆ? ಆದರೆ ಮಳೆಗಾಲದ ಆಟಿ ತಿಂಗಳು ಬಂತು. ದೋಣಿಗಳು ದಡ ಸೇರಿದವು, ಅಮ್ಮ ಒಣಮೀನು ಮಾರತೊಡಗಿದಳು, ಮಳೆಯಲ್ಲಿ ವಾರಗಟ್ಟಲೆ ಸೂರ್ಯನೇ ಕಾಣಲಿಲ್ಲ. ಆದರೂ ಅವಳು ಇನ್ನಷ್ಟು ಕಪ್ಪಾದಳು. ನಮಗೆ ಆಗಲೂ ಏನೂ ಹೊಳೆಯಲಿಲ್ಲ.

ನಾನು ಉಡುಪಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದೆ. ಅರ್ಧ ತುಂಬಿದ ಕೊಡ ತುಳುಕುತ್ತದಂತೆ. ಮನೆಯಲ್ಲಿ ನಾನೇ ಡಾಕ್ಟರು. ಅಮ್ಮನಿಗೆ ಎದ್ದು ನಿಂತರೆ ತಲೆ ತಿರುಗುತ್ತಿತ್ತು. ರವಿಕೆ ಜೋತುಬೀಳುವಷ್ಟು ಸೊರಗಿದ್ದಳು. ಜೊತೆಗೆ ಹೊಸದೊಂದು ಚಾಳಿ: ಒಣಮೀನಿನ ಮೇಲಿನ ಉಪ್ಪಿನ ಹರಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವುದು. ಇದು ಬಿಪಿ ಏರಿದ್ದೇ ಎಂದು ನಾನು ತೀರ್ಪು ಕೊಟ್ಟೆ. ಉಪ್ಪಿನ ಭರಣಿಯನ್ನು ಅಟ್ಟದ ಮೇಲೆ ಅಡಗಿಸಿಟ್ಟು, ಸಾರಿಗೆ ನಾನೇ ಚಿಟಿಕೆಯಷ್ಟು ಹಾಕತೊಡಗಿದೆ.

"ಬಾಯಿ ಉಪ್ಪು ಕೇಳ್ತದೆ ಮಗಳೇ, ಎಂತ ಮಾಡುವುದು?" ಎಂದಿದ್ದಳು ಅಮ್ಮ. ನಾನು ಗದರಿಸಿದೆ. ಅಂಗಡಿಯಲ್ಲಿ ಬಿಪಿ ನೋಡುವ ಮೆಷಿನ್ ಇತ್ತು. ಎಷ್ಟೋ ಜನರ ತೋಳಿಗೆ ಅದನ್ನು ಸುತ್ತಿದವಳು ನಾನು, ಅಮ್ಮನ ತೋಳಿಗೆ ಒಮ್ಮೆಯೂ ಸುತ್ತಲಿಲ್ಲ.

ಒಂದು ಸಂಜೆ ಅಮ್ಮ ವಾಂತಿ ಮಾಡಿಕೊಂಡಳು. ನಾನು ಅಂಗಡಿಯಿಂದ ಬರುವ ಮೊದಲೇ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ ಉಪ್ಪು ಕೇಳಿದ್ದಳಂತೆ. ಆ ಮನೆಯ ಅಕ್ಕ ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದರು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಉಪ್ಪನ್ನು ಹೊರಗೆ ಕೊಡುವುದಿಲ್ಲ. ಬೆಳಿಗ್ಗೆ ಕೊಡುತ್ತೇನೆ ಎಂದು ಅವರು ಕಳಿಸಿದರು. ಬೆಳಿಗ್ಗೆ ಅಮ್ಮನಿಗೆ ಏಳಲಾಗಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನ ಅಂಗೈ ಬಿಡಿಸಿ ತೋರಿಸಿದರು. ಗೆರೆಗಳೆಲ್ಲ ಕಪ್ಪಾಗಿದ್ದವು. ಬಿಸಿಲು ಅಂಗೈಗೆ ಬೀಳುವುದಿಲ್ಲವಲ್ಲ. ಮೂತ್ರಪಿಂಡದ ಮೇಲೆ ಪುಟ್ಟ ಗ್ರಂಥಿಗಳಿವೆ, ದೇಹದ ಕಾವಲು ಪಡೆಯೇ ಅವನ್ನು ವೈರಿ ಎಂದುಕೊಂಡು ತಿಂದುಹಾಕಿದೆ ಎಂದರು. ಅವುಗಳ ಹಾರ್ಮೋನು ಇಲ್ಲದಿದ್ದರೆ ಮೈ ಕಪ್ಪಾಗುತ್ತದೆ, ದೇಹದಲ್ಲಿ ಉಪ್ಪು ನಿಲ್ಲುವುದಿಲ್ಲ, ಬಿಪಿ ಇಳಿಯುತ್ತಲೇ ಹೋಗುತ್ತದೆ. ಹಿಡಿ ಉಪ್ಪಿನಿಂದ ಗುಣವಾಗುವ ರೋಗವಲ್ಲ, ದಿನಾ ಮಾತ್ರೆ ಬೇಕಿತ್ತು, ಮೊದಲೇ ಕರೆತಂದಿದ್ದರೆ ಆಗುತ್ತಿತ್ತು ಎಂದೂ ಹೇಳಿದರು. ಮೂರನೆಯ ದಿನ ಅಮ್ಮ ತೀರಿಕೊಂಡಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಎರಡನ್ನೂ ನಾನೇ ಅಟ್ಟಕ್ಕೆ ಹಾಕಿದ್ದೆ.

ಮರುವರ್ಷದ ಆಟಿಯಲ್ಲಿ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ದಿನ, ದೀಪ ಹಚ್ಚಿದ ಮೇಲೆ ಪಕ್ಕದ ಮನೆಯ ಅಕ್ಕ ಬಂದರು. ಕೈಯಲ್ಲಿ ಒಂದು ಬಟ್ಟಲು ಉಪ್ಪು.

"ಅವತ್ತು ಕೊಡಬೇಕಿತ್ತು ನಾನು," ಎಂದು ಅತ್ತರು.

ವರ್ಷವಿಡೀ ಅವರು ಹೀಗೆಯೇ ಅತ್ತಿದ್ದರು. ನಮ್ಮ ಮನೆಯಲ್ಲಿ ಉಪ್ಪು ಮುಗಿದಿತ್ತು ಎಂದೇ ಅವರು ತಿಳಿದಿದ್ದರು, ನಾನೂ ತಿದ್ದಿರಲಿಲ್ಲ. ತಪ್ಪನ್ನು ಹೊರಲು ಇನ್ನೊಬ್ಬರು ಇದ್ದಾರೆಂಬುದು ನನಗೆ ಸಮಾಧಾನವಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾನು ಅಟ್ಟದಿಂದ ಭರಣಿಯನ್ನು ಇಳಿಸಿ ಅವರ ಮುಂದಿಟ್ಟೆ. ಅಮ್ಮ ಹೋದ ಮೇಲೆ ಯಾರೂ ಮುಟ್ಟದ ಅದು ಇನ್ನೂ ಅರ್ಧ ತುಂಬಿತ್ತು.

"ಉಪ್ಪು ಇತ್ತು ಅಕ್ಕ," ಎಂದೆ. "ಅಡಗಿಸಿಟ್ಟದ್ದು ನಾನು."