ಜೋಳದ ದಂಟಿನ ಆ ತುದಿ

ಬಾಜು ಮನೆಯ ಕಾಕಾನ ಹಿಮ್ಮಡಿಗಳು ಬ್ಯಾಸಗಿಯ ಎರಿಹೊಲದ ಹಾಗೆ ಬಿರಿದಿದ್ದವು. ಆದರೆ ಆ ಕಾಲು ನೆಲಕ್ಕೆ ಇಳಿದದ್ದು ಯಾರಿಗೂ ಕೇಳುತ್ತಿರಲಿಲ್ಲ. ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಕಡೆಗೆ ಬೆರಳು. ಅಂಗಳದಲ್ಲಿ ಕಾಳು ಆರಿಸುತ್ತಿದ್ದ ಕೋಳಿಗಳ ನಡುವೆಯೇ ಹಾದು ಹೋದರೂ ಒಂದು ಕೋಳಿಯೂ ಬೆದರುತ್ತಿರಲಿಲ್ಲ.

ಯರಗುಪ್ಪಿಯಲ್ಲಿ ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಗೋಡೆ. ಕಾಕಾ ಹರೆಯದಲ್ಲೇ ಕಲಕತ್ತೆಗೆ ಹೋಗಿ, ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ದುಡಿದು, ಮುದುಕರಾಗಿ ಒಬ್ಬರೇ ಊರಿಗೆ ಬಂದಿದ್ದರು. ಅಲ್ಲಿ ಜೋಡಿ ಕೆಲಸ ಮಾಡುತ್ತಿದ್ದ ಚೀನಾದ ಮುದುಕನೊಬ್ಬ ಕಲಿಸಿದ ತೈ ಚಿ ಎಂಬ ಕಸರತ್ತನ್ನು ದಿನಾ ಮುಂಜಾನೆ ಮಾಡುತ್ತಿದ್ದರು. ನೀರೊಳಗೆ ನಿಂತು ಕೈ ಆಡಿಸಿದ ಹಾಗೆ, ಅಷ್ಟು ಸಾವಕಾಶ. ಹೊಲಕ್ಕೆ ಹೊರಟವರು ನಿಂತು ಚೇಷ್ಟೆ ಮಾಡುವರು. "ಕಾಕಾ, ಇಷ್ಟು ತಡಾ ಕೈ ಬೀಸಿದ್ರ ನೊಣಾ ಮುದುಕ ಆಗಿ ತಾನ ಸಾಯತೈತ್ರಿ."

"ಸಾಯ್ಲಿ ಬಿಡ್ಲೇ, ನನಗೇನ ಗಡಿಬಿಡಿ?" ಅನ್ನುವರು ಕಾಕಾ, ಕೈ ನಿಲ್ಲಿಸದೆ.

ನಮ್ಮ ಮನೆಯವರು ತೀರಿಕೊಂಡ ಮರುವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಎಲುಬು ಕೂಡಿತು, ಬಲ ಕೂಡಲಿಲ್ಲ. ರೊಟ್ಟಿ ಬಡಿಯಲು ಕೂತರೆ ಕೈ ನಡುಗುವುದು. ಅದೇ ಹೊತ್ತಿಗೆ ಸೊಸೆ ಬಸುರಾದಳು, ಬಹಳ ವರ್ಷ ಕಾದ ಬಸುರು. ಒಂದು ದಿನ ಅವಳು ಮಗನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಅತ್ತಿ ಕೈಯಾಗ ಕೂಸು ಹೆಂಗ ಕೊಡೂದ್ರಿ?" ಸಿಟ್ಟಿನ ಮಾತಲ್ಲ, ಹೆದರಿಕೆಯ ಮಾತು. ಅದಕ್ಕೇ ಹೆಚ್ಚು ಚುಚ್ಚಿತು. ಮರುದಿನ ನಳದ ಹತ್ತಿರ ತುಂಬಿದ ಕೊಡ ನನ್ನ ಕೈ ಜಾರಿ ಉರುಳಿತು. ಗೋಡೆಯ ಆಚೆಯಿಂದ ಕಾಕಾ ನೋಡಿದರು, ತಮ್ಮ ವಿದ್ಯೆ ಕಲಿಸಿ ಕೈಗೆ ಬಲ ತರುತ್ತೇನೆ ಅಂದರು.

ಆ ವಿದ್ಯೆಯನ್ನು ಕೈಗೆ ಕೈ ಹಚ್ಚಿ ಕಲಿಸುತ್ತಾರಂತೆ. ಗಂಡ ಸತ್ತವಳ ಕೈಗೆ ಬಾಜು ಮನೆಯ ಗಂಡಸು ಕೈ ಹಚ್ಚಿದರೆ ಓಣಿ ಸುಮ್ಮನಿದ್ದೀತೇ? ಕಾಕಾ ನನ್ನಿಂದ ಬಣವೆಯೊಳಗಿನ ಒಂದು ಒಣ ಜೋಳದ ದಂಟು ತರಿಸಿದರು. ಗೋಡೆಯ ಮೇಲಿಂದ ಒಂದು ತುದಿ ಅವರ ಅಂಗೈಗೆ, ಇನ್ನೊಂದು ನನ್ನ ಅಂಗೈಗೆ. ಹಿಡಿಯುವಂತಿಲ್ಲ, ಬರೀ ಆನಿಸಬೇಕು. ಅವರು ಮುಂದೆ ಬಂದರೆ ನಾನು ಹಿಂದೆ, ನಾನು ಮುಂದಾದರೆ ಅವರು ಹಿಂದೆ. ಮುರಿಯಬಾರದು, ಬೀಳಬಾರದು. ನಾನು ತೋಳಿನಿಂದ ಒತ್ತಿದ ಕೂಡಲೇ ದಂಟು ಲಟಕ್. ಹೆದರಿ ಸಡಿಲು ಬಿಟ್ಟರೆ ನೆಲಕ್ಕೆ. ಮುರಿದದ್ದೆಲ್ಲ ಎಮ್ಮೆಯ ಪಾಲು. ನಿನ್ನ ಎಮ್ಮೆ ನನಗೆ ದುವಾ ಕೊಡುತ್ತದೆ ನೋಡು ಬೇ, ಎಂದು ನಗುತ್ತಿದ್ದರು.

ನಾನು ಬೇಸತ್ತು ಕೂತ ದಿನ ಹೇಳಿದರು: "ಕೈ ಅನ್ನೂದು ಬರೇ ತುದಿ ಬೇ. ತೆನಿ ಭಾರ ದಂಟು ಹೊರತೈತೇನು? ಬೇರು ಹೊರತೈತಿ. ನೀ ಬೇರ ಮರತು ತುದೀಲೆ ದುಡ್ಯಾಕತ್ತಿ."

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ, ಕಾಕಾ ಒತ್ತಿದ್ದು ನನ್ನ ಅಂಗೈಯಲ್ಲಿ ನಿಲ್ಲದೆ ಬೆನ್ನು, ನಡು, ಮೊಣಕಾಲು ಎಲ್ಲ ಇಳಿದು ಹಿಮ್ಮಡಿಗೆ ಮುಟ್ಟಿತು. ನೆಲಕ್ಕೆ ತಾಗಿ ತಿರುಗಿ ಬಂತು. ನಾನು ಏನೂ ಮಾಡಿರಲಿಲ್ಲ, ಕಾಕಾ ಒಂದು ಹೆಜ್ಜೆ ಹಿಂದೆ ಹೋಗಿದ್ದರು. ದಂಟು ಹಾಗೇ ಇತ್ತು. ನಮ್ಮವರು ಹೋದಂದಿನಿಂದ ಮೈಯೊಳಗೆ ನಾನಿದ್ದೇನೆ ಅನ್ನಿಸಿದ್ದು ಅವತ್ತೇ.

"ಕೂಸಿಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ," ಅಂದರು ಕಾಕಾ. "ಅದು ಅತ್ತರ ಹಿಮ್ಮಡಿಯಿಂದ ಅಳತೈತಿ. ದೊಡ್ಡಾವರ ಆದಂಗ ನಾವ ತುಂಡ ತುಂಡ ಆಗತೀವಿ."

ಸೊಸೆ ಹೆರಿಗೆಗೆ ತವರೂರು ದುಮ್ಮವಾಡಕ್ಕೆ ಹೋದಳು. ಮಳೆ ಹಿಡಿದಾಗ ಕಾಕಾ ಹಾಸಿಗೆ ಹಿಡಿದರು. ಗಂಜಿ ಒಯ್ದರೆ, ಗಂಜಿಯ ಕಡೆ ನೋಡದೆ ಅಂಗೈ ಎತ್ತಿ ತೋರಿಸಿದರು. ದಂಟು ತಂದು ಹಚ್ಚಿದೆ. ಆ ತುದಿಯಲ್ಲಿ ಗುಬ್ಬಿ ಕೂತಷ್ಟೇ ಭಾರ. ನಾನೂ ಅಷ್ಟೇ ಹಗುರಾದೆ. ಬೀಳಲಿಲ್ಲ. "ಇನ್ನ ಎತ್ತವಾ ಕೂಸನ್ನ," ಅಂದರು. ಕೂಸು ಹುಟ್ಟುವ ಮೊದಲೇ ಹೋದರು.

ಮೊಮ್ಮಗಳು ಹುಟ್ಟಿದಳು! ಸುದ್ದಿ ಬಂದ ಕೂಡಲೇ, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡೇ ಬಸ್ಸು ಹತ್ತಿದೆ. ಸೊಸೆ ನನ್ನ ಕೈ ನೋಡಿದಳು, ಮುಖ ನೋಡಿದಳು. ಕೂಸನ್ನು ಕೊಟ್ಟು, ತನ್ನ ಕೈಗಳನ್ನೂ ಕೆಳಗೇ ಹಿಡಿದುಕೊಂಡಳು. ನಾನು ಕಾಲು ಊರಿ ನಿಂತೆ. ಭಾರ ಕೈಯಲ್ಲಿ ನಿಲ್ಲಲೇ ಇಲ್ಲ, ಮೈಯಿಂದ ನೆಲಕ್ಕೆ ಇಳಿಯಿತು. ಅವಳು ಒಂದು ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದಳು. ಆಗ ಕೂಸು ಅತ್ತಿತು, ಅಂಗಾಲು ನನ್ನ ಹೊಟ್ಟೆಗೆ ಒದ್ದು, ನೆತ್ತಿಯ ತನಕ ಕೆಂಪಾಗಿ, ಮೈಯೆಲ್ಲ ಒಂದಾಗಿ. ಕಾಕಾ ಹೇಳಿದ್ದು ಖರೆ. ನನಗೆ ನಗು ತಡೆಯಲಿಲ್ಲ, ಕಣ್ಣಲ್ಲಿ ನೀರೂ ನಿಲ್ಲಲಿಲ್ಲ.

"ಕೂಸು ಅಳಾಕತ್ತೈತಿ, ನೀವ್ಯಾಕ ನಗತೀರಿ ಅತ್ತಿ?" ಅಂದಳು ಸೊಸೆ.

ಈಗ ಮೊಮ್ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಮುಂಜಾನೆ ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡುತ್ತೇನೆ. ಓಣಿಗೆಲ್ಲ ನನ್ನ ಸಂತೋಷ ಹೇಳಿ ಮುಗಿದಿದೆ. ಹೇಳಲೇಬೇಕಾಗಿದ್ದ ಒಂದು ಬಾಗಿಲಿಗೆ ಮಾತ್ರ ಕೀಲಿ ಬಿದ್ದಿದೆ. ಅವಳು ತೊಟ್ಟಿಲಲ್ಲಿ ಮಲಗಿದಾಗ ಬಣವೆಯಿಂದ ಒಂದು ದಂಟು ಎಳೆದು, ಗೋಡೆಯ ಮೇಲಿಂದ ಆಚೆಗೆ ಚಾಚಿ ಅಂಗೈ ಹಚ್ಚುತ್ತೇನೆ. ಒಂದೇ ಅಂಗೈಗೆ ದಂಟು ನಿಲ್ಲುವುದಿಲ್ಲ. ಬಿದ್ದದ್ದನ್ನು ಎಮ್ಮೆಗೆ ಹಾಕಿ, ಕೂಸು ಎದ್ದ ಸಪ್ಪಳ ಕೇಳಿ ಒಳಗೆ ಹೋಗುತ್ತೇನೆ.